ಕ್ಯೋಟೊಗೆ ಹೋಗಲು ಹದವಾದ ಕಾಲ

ಕ್ಯೋಟೊ ನಗರ ಮೂರು ಕಡೆ ಬೆಟ್ಟಗಳಿರುವ ಬಟ್ಟಲಿನಂಥ ತಗ್ಗಿನಲ್ಲಿದೆ. ಪೂರ್ವಕ್ಕೆ ಹಿಗಾಶಿಯಾಮಾ, ಉತ್ತರಕ್ಕೆ ಕಿತಾಯಾಮಾ, ಪಶ್ಚಿಮಕ್ಕೆ ನಿಶಿಯಾಮಾ ಸಾಲುಗಳಿದ್ದು, ದಕ್ಷಿಣ ಮಾತ್ರ ಒಸಾಕಾ ಬಯಲಿನತ್ತ ತೆರೆದುಕೊಂಡಿದೆ. ಕಾಮೊ ಮತ್ತು ಕಾತ್ಸುರಾ ನದಿಗಳು ಉತ್ತರದ ಬೆಟ್ಟಗಳ ಕಡೆಯಿಂದ ಬಂದು, ಊರನ್ನು ಹಾಯ್ದು, ಆ ತೆರಪಿನಿಂದಲೇ ಹೊರಬೀಳುತ್ತವೆ. 794ರಲ್ಲಿ ಕಮ್ಮು ಚಕ್ರವರ್ತಿ ರಾಜಧಾನಿಯನ್ನು ತಂದು ನಿಲ್ಲಿಸಿದ್ದು ಇಲ್ಲಿಗೇ. ಮುಂದೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚಕ್ರವರ್ತಿಗಳ ಊರಾಗಿ ಉಳಿದ ಈ ತಗ್ಗಿನಲ್ಲಿ ಹವೆ ಮಾತ್ರ ಎಂದೂ ಸೌಮ್ಯವಾಗಿರಲಿಲ್ಲ. ಸಮುದ್ರದ ಗಾಳಿ ಸುಲಭವಾಗಿ ಒಳನುಗ್ಗುವುದಿಲ್ಲ. ಬೇಸಿಗೆಯಲ್ಲಿ ಕಾದ ಗಾಳಿ ಅಲ್ಲೇ ಮಡುಗಟ್ಟುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಬೆಟ್ಟದ ಇಳಿಜಾರಿನಿಂದ ಜಾರಿಬಂದ ತಣ್ಣನೆಯ ಗಾಳಿ ತಳದಲ್ಲಿ ನಿಂತುಬಿಡುತ್ತದೆ. ಹೀಗಾಗಿ ಟೋಕಿಯೊಗಿಂತ ಇಲ್ಲಿನ ಆಗಸ್ಟ್ ಬಿಸಿ; ಪಕ್ಕದ ಒಸಾಕಾಗಿಂತ ಇಲ್ಲಿನ ಜನವರಿ ಬೆಳಗು ತಣ್ಣಗೆ.

ಜಪಾನಿನ ಹವಾಮಾನ ಸಂಸ್ಥೆ ಈಗ 1991ರಿಂದ 2020ರವರೆಗಿನ ಮೂವತ್ತು ವರ್ಷಗಳ ಸರಾಸರಿಯನ್ನು ಅಳತೆಗೋಲಾಗಿ ಬಳಸುತ್ತದೆ. ಅದರಂತೆ ಕ್ಯೋಟೊದಲ್ಲಿ ಜನವರಿಯ ಹಗಲು ಸುಮಾರು 9 ಡಿಗ್ರಿ, ರಾತ್ರಿ ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್. ಏಪ್ರಿಲ್‌ಗೆ ಹಗಲು 20ಕ್ಕೆ ಏರಿ ರಾತ್ರಿ 9ರ ಆಸುಪಾಸಿನಲ್ಲಿರುತ್ತದೆ. ಮೇ ತಿಂಗಳಲ್ಲಿ 25 ಮತ್ತು ಹದಿನಾಲ್ಕೂವರೆ. ಆಗಸ್ಟ್‌ನಲ್ಲಿ ಹಗಲು 33ನ್ನು ದಾಟುತ್ತದೆ, ರಾತ್ರಿಯೂ 25ರ ಹತ್ತಿರ ನಿಲ್ಲುತ್ತದೆ. ಅಕ್ಟೋಬರ್‌ನಲ್ಲಿ 23 ಮತ್ತು 14, ನವೆಂಬರ್‌ನಲ್ಲಿ 17 ಮತ್ತು 8. ವರ್ಷವಿಡೀ ಬೀಳುವ ಮಳೆ ಸುಮಾರು 1,520 ಮಿಲಿಮೀಟರ್. ಆಗುಂಬೆಯ ಒಂದು ಜುಲೈ ತಿಂಗಳಿಗೂ ಇದು ಸಾಟಿಯಲ್ಲ, ಆದರೆ ಮಳೆಯಿಲ್ಲದ ತಿಂಗಳೆಂಬುದು ಕ್ಯೋಟೊದಲ್ಲಿ ಇಲ್ಲ. ಕೊಡೆಯ ಅಗತ್ಯ ಹನ್ನೆರಡು ತಿಂಗಳೂ ಇರುತ್ತದೆ.

ಯಾವಾಗ ಹೋಗಬೇಕು ಎಂಬ ಪ್ರಶ್ನೆಗೆ ಪ್ರವಾಸಿ ಕೈಪಿಡಿಗಳು ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತವೆ: ಏಪ್ರಿಲ್ ಮೊದಲ ವಾರ, ನವೆಂಬರ್ ಕೊನೆಯ ವಾರ. ಹೂವಿಗೆ ಒಂದು, ಕೆಂಪೆಲೆಗೆ ಒಂದು. ಆ ಎರಡು ವಾರಗಳ ಸೊಬಗನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವು ಬಲು ಇಕ್ಕಟ್ಟಾದ ವಾರಗಳು. ಅವುಗಳ ತಾರೀಖು ವರ್ಷದಿಂದ ವರ್ಷಕ್ಕೆ ಜರುಗುತ್ತದೆ, ಮತ್ತು ಆಗ ಊರಿನ ರಸ್ತೆ, ಬಸ್ಸು, ದೇವಾಲಯಗಳ ಅಂಗಳ ಎಲ್ಲವೂ ಕಿಕ್ಕಿರಿದಿರುತ್ತವೆ. ಇಲ್ಲಿನ ಹಬ್ಬ, ಊಟ, ಮನೆಯ ಕಟ್ಟಡ ಎಲ್ಲವೂ ಋತುವಿಗೆ ಅಂಟಿಕೊಂಡೇ ಬೆಳೆದಿರುವುದರಿಂದ ಪ್ರತಿ ತಿಂಗಳಿಗೂ ತನ್ನದೇ ಆದ ಕ್ಯೋಟೊ ಇದೆ. ಆ ತಿಂಗಳುಗಳನ್ನು ಕ್ರಮವಾಗಿ ತಿಳಿದುಕೊಂಡರೆ ತಾರೀಖು ಆರಿಸುವುದು ಸುಲಭ.

ವಸಂತ ಮತ್ತು ಹೂವಿನ ಲೆಕ್ಕ

ವಸಂತ ಚೆರ್ರಿಯಿಂದ ಶುರುವಾಗುವುದಿಲ್ಲ, ಪ್ಲಮ್ ಹೂವಿನಿಂದ ಶುರುವಾಗುತ್ತದೆ. ಫೆಬ್ರವರಿಯ ಚಳಿಯಲ್ಲೇ ಕಿತಾನೊ ತೆನ್ಮಾಂಗು ದೇವಾಲಯದ ಪ್ಲಮ್ ತೋಪು ಬಿಳಿ, ಗುಲಾಬಿ ಬಣ್ಣ ತಳೆಯುತ್ತದೆ. ಫೆಬ್ರವರಿ 25ರಂದು ಅಲ್ಲಿ ಪ್ಲಮ್ ಹೂವಿನ ಉತ್ಸವ ನಡೆಯುತ್ತದೆ. ವಿದ್ವಾಂಸ-ಕವಿಯಾಗಿದ್ದು ಸತ್ತ ಮೇಲೆ ವಿದ್ಯೆಯ ದೇವರಾಗಿ ಪೂಜೆಗೊಂಡ ಸುಗಾವಾರಾ ನೊ ಮಿಚಿಜಾನೆಯ ಗುಡಿ ಇದು. ಪ್ಲಮ್ ಆತನಿಗೆ ಪ್ರಿಯವಾದ ಮರ. ಪ್ಲಮ್ ಹೂವು ಚೆರ್ರಿಯಂತೆ ಒಂದೇ ವಾರಕ್ಕೆ ಉದುರಿಹೋಗುವುದಿಲ್ಲ. ತೋಪಿನಲ್ಲಿ ಒಂದಾದ ಮೇಲೊಂದು ಮರ ಅರಳುತ್ತ ಒಂದು ತಿಂಗಳಿಗೂ ಹೆಚ್ಚು ಕಾಲ ಇರುತ್ತದೆ. ಚೆರ್ರಿಯ ಜನಜಂಗುಳಿಯನ್ನು ಒಲ್ಲದವರಿಗೆ, ತಾರೀಖು ಮೊದಲೇ ನಿಗದಿಯಾಗಿಬಿಟ್ಟವರಿಗೆ ಪ್ಲಮ್ ಹೆಚ್ಚು ನಂಬಿಕಸ್ಥ ಹೂವು.

ಚೆರ್ರಿ, ಅಂದರೆ ಸಕುರಾ, ಬೇರೆಯೇ ಸ್ವಭಾವದ್ದು. ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿಕೊಂಡು ನಿದ್ದೆ ಹೋಗಿರುತ್ತದೆ. ಅದನ್ನು ಎಬ್ಬಿಸಲು ಮೊದಲು ಕೆಲವು ವಾರಗಳ ಗಟ್ಟಿ ಚಳಿ ಬೇಕು, ಆಮೇಲೆ ಬೆಚ್ಚನೆಯ ದಿನಗಳು ಬೇಕು. ಫೆಬ್ರವರಿ-ಮಾರ್ಚ್ ಬೆಚ್ಚಗಿದ್ದರೆ ಹೂವು ಬೇಗ ಬರುತ್ತದೆ. ಚಳಿಗಾಲವೇ ತೀರಾ ಬೆಚ್ಚಗಿದ್ದರೆ ಮೊಗ್ಗಿನ ನಿದ್ದೆ ಸರಿಯಾಗಿ ಬಿಡದೆ ತಡವೂ ಆಗಬಹುದು. ಗೊತ್ತುಮಾಡಿದ ಮಾದರಿ ಮರದಲ್ಲಿ ಐದಾರು ಹೂವು ಬಿಟ್ಟ ದಿನವನ್ನು ಅರಳಿದ ದಿನವೆಂದೂ, ನೂರಕ್ಕೆ ಎಂಬತ್ತರಷ್ಟು ಮೊಗ್ಗು ಬಿಚ್ಚಿದ ದಿನವನ್ನು ಪೂರ್ಣ ಅರಳಿದ ದಿನವೆಂದೂ ಹವಾಮಾನ ಸಂಸ್ಥೆ ಸಾರುತ್ತದೆ. ಸೊಮೆಯ್ ಯೊಶಿನೊ ಎಂಬ ಸಾಮಾನ್ಯ ತಳಿಗೆ ಕ್ಯೋಟೊದಲ್ಲಿ ಈ ಎರಡು ದಿನಗಳ ಸರಾಸರಿ ಮಾರ್ಚ್ 26 ಮತ್ತು ಏಪ್ರಿಲ್ 4. ಪೂರ್ಣ ಅರಳಿದ ಮೇಲೆ ಒಂದು ವಾರ ಉಳಿದರೆ ಹೆಚ್ಚು. ನಡುವೆ ಗಾಳಿಮಳೆ ಬಂದರೆ ಅಷ್ಟೂ ಇಲ್ಲ.

ಈ ತಾರೀಖಿಗೆ ಕ್ಯೋಟೊದಲ್ಲಿರುವಷ್ಟು ಉದ್ದದ ದಾಖಲೆ ಜಗತ್ತಿನಲ್ಲಿ ತೀರಾ ವಿರಳ. 812ರಲ್ಲಿ ಸಾಗಾ ಚಕ್ರವರ್ತಿ ಹೂವು ನೋಡುವ ಔತಣ ನಡೆಸಿದ ದಾಖಲೆಯಿದೆ. ಅಲ್ಲಿಂದೀಚೆಗೆ ಆಸ್ಥಾನಿಕರು, ಭಿಕ್ಷುಗಳು ದಿನಚರಿಯಲ್ಲಿ ಬರೆದಿಟ್ಟ ಹೂವಿನ ದಿನಗಳನ್ನು ಹುಡುಕಿ ಜೋಡಿಸಿದವರು ಒಸಾಕಾದ ವಿಜ್ಞಾನಿ ಯಾಸುಯುಕಿ ಆಓನೊ. ಸಾವಿರದ ಇನ್ನೂರು ವರ್ಷಗಳ ಆ ಪಟ್ಟಿಯಲ್ಲಿ ಹೂವು ಬಹುಮಟ್ಟಿಗೆ ಏಪ್ರಿಲ್ ಮಧ್ಯದ ಸುತ್ತ ತೂಗಾಡುತ್ತಿತ್ತು. ಕಳೆದ ನೂರು-ನೂರೈವತ್ತು ವರ್ಷಗಳಲ್ಲಿ ಅದು ಒಂದೇ ಸಮನೆ ಹಿಂದಕ್ಕೆ ಸರಿದಿದೆ. 2021ರಲ್ಲಿ ಮಾರ್ಚ್ 26ಕ್ಕೇ ಪೂರ್ಣ ಅರಳಿ ಇಡೀ ದಾಖಲೆಯಲ್ಲೇ ಅತಿ ಬೇಗನೆಂದು ಸುದ್ದಿಯಾಯಿತು. 2023ರಲ್ಲಿ ಅದಕ್ಕೂ ಮೊದಲೇ ಅರಳಿತು. ಭೂಮಿ ಬಿಸಿಯಾಗುತ್ತಿರುವುದು ಒಂದು ಕಾರಣ, ಊರಿನ ಕಾಂಕ್ರೀಟು ಬಿಸಿ ಹಿಡಿದಿಡುವುದು ಇನ್ನೊಂದು. ಪ್ರವಾಸಿಗೆ ಇದರಿಂದ ಬರುವ ಪಾಠ ನೇರವಾದದ್ದು. ಏಪ್ರಿಲ್ 5ರಿಂದ 10 ಎಂದು ಹಳೆಯ ಪುಸ್ತಕ ನೋಡಿ ಟಿಕೆಟ್ ತೆಗೆದರೆ ಉದುರಿದ ಎಸಳು ಮಾತ್ರ ಸಿಗಬಹುದು. ಮಾರ್ಚ್ 28ರಿಂದ ಏಪ್ರಿಲ್ 5ರ ನಡುವಿನ ದಿನಗಳಿಗೆ ಅವಕಾಶ ಹೆಚ್ಚು, ಖಾತ್ರಿ ಎಂಬುದು ಆಗಲೂ ಇಲ್ಲ.

ಆದರೆ ಸಕುರಾ ಎಂಬುದು ಒಂದೇ ತಳಿಯಲ್ಲ, ಒಂದೇ ಎತ್ತರದಲ್ಲಿ ಬೆಳೆಯುವುದೂ ಅಲ್ಲ. ಹಳೆಯ ಅರಮನೆಯ ಉದ್ಯಾನದಲ್ಲಿರುವ ಇಳಿಬೀಳುವ ಕೊಂಬೆಗಳ ಚೆರ್ರಿ ಮಾರ್ಚ್ ಕೊನೆಗೇ ಅರಳುತ್ತದೆ. ಅದರ ಹಿಂದೆಯೇ ಮರುಯಾಮಾ ಉದ್ಯಾನದ ದೊಡ್ಡ ಮರ, ಆಮೇಲೆ ತತ್ತ್ವಜ್ಞಾನಿಯ ದಾರಿ ಎಂದು ಹೆಸರಾದ ಕಾಲುವೆ ಬದಿಯ ಸಾಲುಮರ, ಬಳಿಕ ಹೇಆನ್ ದೇವಾಲಯದ ಕಡುಗುಲಾಬಿ ಇಳಿಕೊಂಬೆಗಳು. ಎಲ್ಲಕ್ಕಿಂತ ಕೊನೆಗೆ ನಿನ್ನಾಜಿ ದೇವಾಲಯದ ಒಮುರೊ ಚೆರ್ರಿ. ಹೆಚ್ಚು ಎತ್ತರಕ್ಕೆ ಬೆಳೆಯದ ಈ ಗಿಡ್ಡ ಮರಗಳು ಸಾಧಾರಣವಾಗಿ ಏಪ್ರಿಲ್ ಎರಡನೆಯ ವಾರದಲ್ಲಿ ಅರಳುತ್ತವೆ, ಹೂವು ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಊರಿಗಿಂತ ತಂಪಾದ ಒಹಾರಾದ ಹಳ್ಳಿಗಳಲ್ಲೂ ಹೂವು ತಡ. ತಡವಾಗಿ ಬಂದವರು ನಿರಾಶರಾಗದೆ ಪಶ್ಚಿಮಕ್ಕೋ ಉತ್ತರಕ್ಕೋ ನಡೆದರೆ ಹೂವು ಇನ್ನೂ ಸಿಕ್ಕೀತು.

ಹೂವಿನ ವಾರದಲ್ಲಿ ಚಳಿ ಹೋಗಿರುವುದಿಲ್ಲ. ಹಗಲು ಅಂಗಿ ಸಾಕೆನಿಸಿದರೂ ಸಂಜೆ ಹೊಳೆಯ ದಂಡೆಯಲ್ಲಿ ಸ್ವೆಟರಿಲ್ಲದೆ ಕೂರಲಾಗದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುಗಿ ಎಂಬ ಸೂಚಿಪರ್ಣ ಮರದ ಪರಾಗ ಗಾಳಿಯಲ್ಲಿ ತುಂಬಿರುತ್ತದೆ. ಮಹಾಯುದ್ಧದ ನಂತರ ಮರಮಟ್ಟಿಗಾಗಿ ದೇಶದುದ್ದಕ್ಕೂ ನೆಟ್ಟ ಕಾಡುಗಳ ಫಲ ಅದು. ಸೀನು, ಕಣ್ಣುರಿ, ಉಬ್ಬಸದ ತೊಂದರೆ ಇರುವವರು ಔಷಧಿಯನ್ನು ಊರಿನಿಂದಲೇ ಒಯ್ಯುವುದು ಮೇಲು.

ಮೇ: ಹೆಚ್ಚು ಮಂದಿ ಮರೆಯುವ ತಿಂಗಳು

ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿನಲ್ಲಿ ಸಾಲು ರಜೆ. ಗೋಲ್ಡನ್ ವೀಕ್ ಎಂದು ಕರೆಯುವ ಈ ದಿನಗಳಲ್ಲಿ ದೇಶವೇ ಪ್ರಯಾಣಕ್ಕೆ ಹೊರಡುತ್ತದೆ; ಕ್ಯೋಟೊದಲ್ಲಿ ಕೋಣೆಯೂ ರೈಲಿನ ಆಸನವೂ ದುರ್ಲಭ. ಅದು ಮುಗಿದ ಮೇಲೆ, ಮೇ ಎರಡನೆಯ ವಾರದಿಂದ ಜೂನ್ ಮೊದಲ ದಿನಗಳವರೆಗೆ, ಈ ಊರಿನ ಹವೆ ಅತ್ಯಂತ ಹದವಾಗಿರುತ್ತದೆ. ಬಿಸಿಲು ಹಿತ, ರಾತ್ರಿ ತಂಪು, ಧಗೆಯಿಲ್ಲ. ಶರತ್ಕಾಲದಲ್ಲಿ ಕೆಂಪಾಗುವ ಮೇಪಲ್ ಮರಗಳೇ ಈಗ ಎಳೆ ಹಸಿರು ಎಲೆ ಹೊತ್ತು ನಿಂತಿರುತ್ತವೆ. ತೋಫುಕುಜಿಯ ಕಣಿವೆಯನ್ನು ನವೆಂಬರ್‌ನಲ್ಲಿ ಒಂದು ಹೆಜ್ಜೆ ಇಡಲೂ ಜಾಗವಿಲ್ಲದೆ ನೋಡುವುದಕ್ಕಿಂತ ಮೇ ತಿಂಗಳ ಬೆಳಿಗ್ಗೆ ಹಸಿರಾಗಿ ನೋಡುವುದು ಎಷ್ಟೋ ಮೇಲು. ಶಾಲಾ ಮಕ್ಕಳ ಪ್ರವಾಸದ ತಂಡಗಳು ಆಗ ಬರುತ್ತವೆ, ನಿಜ. ಅವು ಹೆಸರಾಂತ ನಾಲ್ಕಾರು ಸ್ಥಳಗಳಲ್ಲಷ್ಟೇ ಸೇರುತ್ತವೆ.

ಮೇ 15ರಂದು ಆಓಯ್ ಹಬ್ಬ. ರಾಜಧಾನಿಯ ಮೊದಲ ಶತಮಾನಗಳಾದ ಹೇಆನ್ ಕಾಲದ ಉಡುಪು ತೊಟ್ಟ ಸುಮಾರು 500 ಜನ, ಎತ್ತಿನ ಗಾಡಿ, ಕುದುರೆಗಳೊಂದಿಗೆ ಹಳೆಯ ಅರಮನೆಯಿಂದ ಶಿಮೊಗಾಮೊ ಮತ್ತು ಕಾಮಿಗಾಮೊ ದೇವಾಲಯಗಳಿಗೆ ನಡೆಯುತ್ತಾರೆ. ಹಬ್ಬದ ಮೂಲವೇ ಹವೆ: ಆರನೆಯ ಶತಮಾನದಲ್ಲಿ ಬಿರುಗಾಳಿ ಮಳೆಗೆ ಬೆಳೆ ಹಾಳಾದಾಗ ಕಾಮೊ ದೇವತೆಗಳನ್ನು ಸಮಾಧಾನಪಡಿಸಲು ಇದು ಶುರುವಾಯಿತೆಂಬ ನಂಬಿಕೆಯಿದೆ. ಇಂದಿಗೂ ಆ ದಿನ ಮಳೆ ಬಂದರೆ ಮೆರವಣಿಗೆಯನ್ನು ಮರುದಿನಕ್ಕೆ ಮುಂದೂಡುತ್ತಾರೆ. ಇದನ್ನು ನೋಡಲೆಂದೇ ಹೋಗುವವರು 16ನ್ನೂ ಖಾಲಿ ಇಟ್ಟುಕೊಳ್ಳುವುದು ಒಳಿತು.

ಮಳೆಗಾಲ

ಜಪಾನಿನ ಮಳೆಗಾಲ, ತ್ಸುಯು, ಅರಬ್ಬೀ ಸಮುದ್ರದಿಂದ ಕರಾವಳಿಗೆ ನುಗ್ಗುವ ಮುಂಗಾರಿಗಿಂತ ಬೇರೆ ಬಗೆಯದು. ಉತ್ತರದ ತಂಪು ಗಾಳಿಯೂ ಪೆಸಿಫಿಕ್ ಕಡೆಯ ಬೆಚ್ಚನೆಯ ತೇವದ ಗಾಳಿಯೂ ಎದುರುಬದುರಾಗಿ ನಿಂತಾಗ ಅವುಗಳ ಗಡಿಯಲ್ಲಿ ಮೋಡದ ಉದ್ದನೆಯ ಪಟ್ಟಿ ಕಟ್ಟುತ್ತದೆ. ಅದು ವಾರಗಟ್ಟಲೆ ದ್ವೀಪಗಳ ಮೇಲೆ ಅತ್ತಿತ್ತ ಸರಿಯುತ್ತಿರುತ್ತದೆ. ಕ್ಯೋಟೊ ಸೇರಿದ ಕಿಂಕಿ ಪ್ರದೇಶದಲ್ಲಿ ಸರಾಸರಿಯಾಗಿ ಜೂನ್ 6ರ ಹೊತ್ತಿಗೆ ಶುರುವಾಗಿ ಜುಲೈ 19ರ ಹೊತ್ತಿಗೆ ಮುಗಿಯುತ್ತದೆ. ವರ್ಷದ ಮಳೆಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಜೂನ್-ಜುಲೈ ಎರಡೇ ತಿಂಗಳಲ್ಲಿ ಬೀಳುತ್ತದೆ. ಜೂನ್‌ನ ಮಳೆ ಹೆಚ್ಚಾಗಿ ಸೋನೆ, ನಡುನಡುವೆ ಹೊಳವಾಗುತ್ತದೆ. ಜುಲೈ ಮೊದಲ ಎರಡು ವಾರಗಳ ಜಡಿಮಳೆಯೇ ಅಪಾಯದ್ದು.

ಈ ಕಾಲವನ್ನು ಪ್ರವಾಸಿಗಳು ಸುಮ್ಮನೆ ಬಿಟ್ಟುಬಿಡುತ್ತಾರೆ. ಆದರೆ ಹಾವಸೆ ತೋಟಗಳು ಜೀವ ತಳೆಯುವುದು ಆಗಲೇ. ಮೊದಲೇ ಅರ್ಜಿ ಹಾಕಿ ಹೋಗಬೇಕಾದ ಸಾಯ್‌ಹೋಜಿ, ಸಾಗಾ ಎಂಬಲ್ಲಿನ ಪುಟ್ಟ ಗಿಯೋಜಿ ಎರಡರಲ್ಲೂ ಮಳೆ ತೊಯ್ದ ಹಾವಸೆ ಬಿಸಿಲಿನ ದಿನಗಳಲ್ಲಿ ಕಾಣದ ಹಸಿರಿನಿಂದ ತುಂಬಿರುತ್ತದೆ. ದಕ್ಷಿಣದ ಉಜಿಯಲ್ಲಿ ಮಿಮುರೊತೊಜಿ ದೇವಾಲಯದ ಇಳಿಜಾರಿನ ತುಂಬ ಹೈಡ್ರೇಂಜಿಯ ಹೂವು. ಉತ್ತರದ ಕಣಿವೆಯಲ್ಲಿರುವ ಕಿಫುನೆ ದೇವಾಲಯದ ದೇವರು ನೀರಿನ ಒಡೆಯ; ಹಿಂದೆ ಮಳೆ ಬೇಕಾದಾಗ ಅಲ್ಲಿಗೆ ಕರಿ ಕುದುರೆಯನ್ನೂ ಮಳೆ ನಿಲ್ಲಬೇಕಾದಾಗ ಬಿಳಿ ಕುದುರೆಯನ್ನೂ ಅರ್ಪಿಸುತ್ತಿದ್ದರಂತೆ. ಜೂನ್ 30ರಂದು ದೇವಾಲಯಗಳಲ್ಲಿ ಹುಲ್ಲಿನ ದೊಡ್ಡ ಬಳೆಯ ಮೂಲಕ ಹಾಯ್ದು ಆರು ತಿಂಗಳ ಮೈಲಿಗೆ ಕಳೆದುಕೊಳ್ಳುವ ಆಚರಣೆಯಿದೆ. ಅಂದು ಮಿನಾಜುಕಿ ಎಂಬ ತ್ರಿಕೋನಾಕಾರದ ಸಿಹಿ ತಿನ್ನುತ್ತಾರೆ. ಬೇಸಿಗೆಗಾಗಿ ಕೂಡಿಟ್ಟ ಹಿಮಗಡ್ಡೆ ಅರಮನೆಯವರಿಗಷ್ಟೇ ಸಿಗುತ್ತಿದ್ದ ಕಾಲದಲ್ಲಿ, ಹಿಮದ ತುಂಡಿನ ಆಕಾರದಲ್ಲಿ ಬಿಳಿ ಹಿಟ್ಟು ಬೇಯಿಸಿ ಮೇಲೆ ಕೆಂಪು ಅಜುಕಿ ಕಾಳು ಹರಡಿದ್ದೇ ಜನರ ಪಾಲಿನ ತಂಪಾಯಿತೆಂದು ಹೇಳುತ್ತಾರೆ.

ಬೇಸಿಗೆ

ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗಿನ ಕ್ಯೋಟೊ ವಯಸ್ಸಾದವರಿಗೂ ಸಣ್ಣ ಮಕ್ಕಳಿಗೂ ತಕ್ಕದ್ದಲ್ಲ ಎಂಬುದನ್ನು ಖಂಡಿತವಾಗಿ ಹೇಳಬೇಕು. 1994ರ ಆಗಸ್ಟ್‌ನಲ್ಲೂ 2018ರ ಜುಲೈನಲ್ಲೂ ಇಲ್ಲಿ 39.8 ಡಿಗ್ರಿ ದಾಖಲಾಗಿದೆ. 35 ಡಿಗ್ರಿ ಮುಟ್ಟಿದ ದಿನವನ್ನು ಜಪಾನಿನಲ್ಲಿ ಕಡುಬಿಸಿಲಿನ ದಿನವೆಂದು ಲೆಕ್ಕ ಹಾಕುತ್ತಾರೆ. ಇಲ್ಲಿ ಅಂಥವು ಸಾಲುಸಾಲಾಗಿ ಬರುತ್ತವೆ. ರಾಯಚೂರಿನ ಬಿಸಿಲು ಕಂಡವರಿಗೆ ಅಂಕಿ ದೊಡ್ಡದೆನಿಸದಿರಬಹುದು. ಕಷ್ಟವಿರುವುದು ತೇವದಲ್ಲಿ ಮತ್ತು ಬೀಸದ ಗಾಳಿಯಲ್ಲಿ. ಬೆವರು ಆರುವುದಿಲ್ಲ, ರಾತ್ರಿಯೂ ಮೈ ತಣಿಯುವುದಿಲ್ಲ. ಬಿಸಿಲಾಘಾತದ ಎಚ್ಚರಿಕೆಯನ್ನು ಸರಕಾರ ಹಿಂದಿನ ಸಂಜೆಯೇ ಹೊರಡಿಸುತ್ತದೆ. ಅದಿರುವ ದಿನ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಹೊರಗೆ ತಿರುಗದಿರುವುದೇ ಜಾಣತನ. ಕಿಯೊಮಿಜು ದೇವಾಲಯ ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ. ಫುಶಿಮಿ ಇನಾರಿಯ ಕೆಂಪು ತೋರಣಗಳ ದಾರಿಗೆ ಬಾಗಿಲೇ ಇಲ್ಲ. ಬೇಸಿಗೆಯಲ್ಲಿ ಹೋದವರು ಇವನ್ನು ನಸುಕಿನಲ್ಲಿ ನೋಡಿಕೊಂಡು ಮಧ್ಯಾಹ್ನವನ್ನು ವಸ್ತುಸಂಗ್ರಹಾಲಯಕ್ಕೆ ಮೀಸಲಿಡಬಹುದು.

ಈ ಧಗೆಯನ್ನು ಲೆಕ್ಕದಲ್ಲಿಟ್ಟುಕೊಂಡೇ ಊರು ಮನೆ ಕಟ್ಟಿಕೊಂಡಿದೆ. ಮನೆಯನ್ನು ಬೇಸಿಗೆಗೆ ಹೊಂದುವಂತೆ ಕಟ್ಟಬೇಕು, ಚಳಿಯಲ್ಲಿ ಎಲ್ಲಿದ್ದರೂ ನಡೆಯುತ್ತದೆ ಎಂಬ ಅಭಿಪ್ರಾಯವನ್ನು ಹದಿನಾಲ್ಕನೆಯ ಶತಮಾನದಲ್ಲೇ ಇಲ್ಲಿನ ಲೇಖಕ ಯೊಶಿದಾ ಕೆಂಕೊ ಬರೆದಿಟ್ಟಿದ್ದ. ಮಾಚಿಯಾ ಎಂಬ ಹಳೆಯ ಅಂಗಡಿಮನೆಗಳು ಅಗಲ ಕಿರಿದು, ಉದ್ದ ಹೆಚ್ಚು, ನಡುವೆ ಕಿರುತೋಟ. ಬೀದಿಗೆ ನೀರು ಚಿಮುಕಿಸಿದಾಗ ಮುಂಬಾಗಿಲಿಗೂ ತೋಟಕ್ಕೂ ನಡುವೆ ಗಾಳಿ ಹರಿಯುತ್ತದೆ. ಜೂನ್ ಬಂತೆಂದರೆ ಕಾಗದದ ಬಾಗಿಲುಗಳನ್ನು ತೆಗೆದು ಬೆತ್ತದಂಥ ಸೀಳುಗಳ ಬಾಗಿಲು ಹಾಕುತ್ತಾರೆ. ಕಾಮೊ ನದಿಯ ಪಶ್ಚಿಮ ದಂಡೆಯ ಊಟದ ಮನೆಗಳು ಮೇ ತಿಂಗಳಿನಿಂದ ಶರತ್ಕಾಲದವರೆಗೆ ನೀರಿನತ್ತ ಮರದ ಜಗಲಿ ಚಾಚಿ ಅಲ್ಲಿ ಊಟ ಬಡಿಸುತ್ತವೆ. ಕಿಫುನೆ ದೇವಾಲಯವಿರುವ ಕಿಬುನೆ ಕಣಿವೆಯಲ್ಲಿ ಈ ಜಗಲಿ ಹೊಳೆಯ ಮೇಲೆಯೇ ಇರುತ್ತದೆ, ಊರಿಗಿಂತ ಎಷ್ಟೋ ತಂಪು. ನೀರು ಏರಿದ ದಿನ ಮಾತ್ರ ಮುಚ್ಚಿರುತ್ತಾರೆ.

ಇಷ್ಟು ಧಗೆಯ ನಡುವೆಯೂ ಕ್ಯೋಟೊದ ಅತಿ ದೊಡ್ಡ ಹಬ್ಬ ನಡೆಯುವುದು ಜುಲೈನಲ್ಲೇ, ಅದಕ್ಕೆ ಕಾರಣವೂ ಧಗೆಯೇ. ಮಳೆ, ಸೆಕೆ, ಕೊಳೆತ ನೀರು ಸೇರಿ ಹಿಂದೆ ಪ್ರತಿ ಬೇಸಿಗೆಯಲ್ಲೂ ಸಾಂಕ್ರಾಮಿಕ ಹಬ್ಬುತ್ತಿತ್ತು. 869ರಲ್ಲಿ ಪಿಡುಗು ಎದ್ದಾಗ 66 ಈಟಿಗಳನ್ನು ನೆಟ್ಟು ರೋಗದ ದೈವಗಳನ್ನು ಶಾಂತಗೊಳಿಸಿದ್ದೇ ಗಿಯೊನ್ ಹಬ್ಬದ ಆರಂಭ ಎನ್ನುತ್ತಾರೆ. ಈಗ ತಿಂಗಳಿಡೀ ನಡೆಯುವ ಹಬ್ಬದಲ್ಲಿ ಎತ್ತರದ ತೇರುಗಳ ಮೆರವಣಿಗೆ ಜುಲೈ 17ರಂದು ಒಮ್ಮೆ, 24ರಂದು ಇನ್ನೊಮ್ಮೆ. ಎರಡನೆಯದು 2014ರಲ್ಲಿ ಮತ್ತೆ ಬೇರೆಯಾಗಿ ಶುರುವಾದದ್ದು, ಜನ ಸ್ವಲ್ಪ ಕಡಿಮೆ. ಆಗಸ್ಟ್ 16ರ ರಾತ್ರಿ ಎಂಟಕ್ಕೆ ಸುತ್ತಲ ಐದು ಬೆಟ್ಟಗಳ ಮೇಲೆ ಅಕ್ಷರಗಳ, ದೋಣಿಯ, ತೋರಣದ ಆಕಾರದಲ್ಲಿ ಬೆಂಕಿ ಹಚ್ಚಿ ಪಿತೃಗಳನ್ನು ಬೀಳ್ಕೊಡುತ್ತಾರೆ. ಈ ಎರಡನ್ನು ನೋಡಲೇಬೇಕೆಂಬ ಹಂಬಲವಿದ್ದರೆ ಮಾತ್ರ ಬೇಸಿಗೆಯನ್ನು ಆರಿಸಬೇಕು.

ಚಂಡಮಾರುತದ ದಿನಗಳು

ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ಪೆಸಿಫಿಕ್‌ನಲ್ಲಿ ಹುಟ್ಟಿದ ಚಂಡಮಾರುತಗಳು ಜಪಾನಿನತ್ತ ಬಾಗುತ್ತವೆ. ಕ್ಯೋಟೊ ಒಳನಾಡಾದ್ದರಿಂದ ಕಡಲ ಅಬ್ಬರ ತಟ್ಟದು, ನದಿಗಳು ಉಕ್ಕುತ್ತವೆ. 2013ರ ಸೆಪ್ಟೆಂಬರ್ 16ರಂದು ಕಾತ್ಸುರಾ ನದಿ ಅರಾಶಿಯಾಮಾದಲ್ಲಿ ದಂಡೆ ಮೀರಿ ತೊಗೆತ್ಸು ಸೇತುವೆಯ ಸುತ್ತಲ ಹೋಟೆಲು, ಅಂಗಡಿಗಳಿಗೆ ನುಗ್ಗಿತು. ಆಗಷ್ಟೇ ಜಾರಿಗೆ ಬಂದಿದ್ದ ವಿಶೇಷ ಎಚ್ಚರಿಕೆಯನ್ನು ದೇಶದಲ್ಲಿ ಮೊಟ್ಟಮೊದಲು ಹೊರಡಿಸಿದ್ದು ಅಂದು, ಕ್ಯೋಟೊ ಮತ್ತು ಅಕ್ಕಪಕ್ಕದ ಎರಡು ಪ್ರಾಂತ್ಯಗಳಿಗೆ.

2018 ಒಂದೇ ವರ್ಷದಲ್ಲಿ ಈ ಊರು ಕಂಡದ್ದನ್ನು ಗಮನಿಸಿದರೆ ಹವೆ ಎಷ್ಟು ಬೇಗ ತಿರುಗುತ್ತದೆಂದು ತಿಳಿಯುತ್ತದೆ. ಜುಲೈ ಮೊದಲ ವಾರ ಪಶ್ಚಿಮ ಜಪಾನಿನಾದ್ಯಂತ ಭಾರೀ ಮಳೆ, ಪ್ರವಾಹ. ಎರಡು ವಾರದೊಳಗೆ 39.8 ಡಿಗ್ರಿ ಬಿಸಿಲು. ಗಿಯೊನ್ ಹಬ್ಬದ 24ರ ಹೂಛತ್ರಿ ಮೆರವಣಿಗೆಯನ್ನು ಸೆಕೆಯ ಕಾರಣಕ್ಕೇ ಕೈಬಿಟ್ಟರು. ಸೆಪ್ಟೆಂಬರ್ 4ರಂದು ಜೇಬಿ ಚಂಡಮಾರುತ ಬಂದು ಕನ್ಸಾಯ್ ವಿಮಾನ ನಿಲ್ದಾಣದ ರನ್‌ವೇ ಮುಳುಗಿತು, ತೇಲಿಬಂದ ಹಡಗೊಂದು ನಿಲ್ದಾಣದ ಸೇತುವೆಗೆ ಅಪ್ಪಳಿಸಿತು. ಊರಿನ ಉತ್ತರದ ಕುರಾಮಾ ಕಣಿವೆಯಲ್ಲಿ ಮರಗಳು ರೈಲುಹಳಿಗೆ ಉರುಳಿ, ಅಲ್ಲಿನ ಅಕ್ಟೋಬರ್ 22ರ ಬೆಂಕಿ ಹಬ್ಬವೂ ನಿಂತುಹೋಯಿತು. ಸೆಪ್ಟೆಂಬರ್‌ನಲ್ಲಿ ಹೋಗುವವರು ಪ್ರಯಾಣದಲ್ಲಿ ಒಂದೆರಡು ದಿನ ಸಡಿಲ ಇಟ್ಟುಕೊಳ್ಳಬೇಕು, ವಿಮೆ ಮಾಡಿಸಬೇಕು. ಚಂಡಮಾರುತ ಹತ್ತಿರವಾದರೆ ರೈಲುಗಳನ್ನು ಯಾವ ಹೊತ್ತಿನಿಂದ ನಿಲ್ಲಿಸುತ್ತಾರೆಂದು ಹಿಂದಿನ ದಿನವೇ ತಿಳಿಸುತ್ತಾರೆ. ಆ ಪ್ರಕಟಣೆ ಬಂದ ಮೇಲೆ ಹೇಗೋ ಹೋಗಿಬಿಡೋಣ ಎಂದು ಹೊರಡಬಾರದು.

ಎಲೆ ಕೆಂಪಾಗುವ ಕಾಲ

ಅಕ್ಟೋಬರ್ ಎರಡನೆಯ ವಾರದಿಂದ ಆಕಾಶ ತಿಳಿಯಾಗುತ್ತದೆ. ನಡೆದಾಡಲು ಮೇ ತಿಂಗಳಷ್ಟೇ ಒಳ್ಳೆಯ ಹವೆ. ಎಲೆ ಇನ್ನೂ ಹಸಿರಾಗಿರುವುದರಿಂದ ನವೆಂಬರ್‌ನ ಜಂಗುಳಿಯಿಲ್ಲ. 22ರಂದು ಜಿದಾಯ್ ಹಬ್ಬದ ಮೆರವಣಿಗೆ. ರಾಜಧಾನಿಯಾಗಿ 1100 ವರ್ಷ ತುಂಬಿದ ನೆನಪಿಗೆ 1895ರಲ್ಲಿ ಶುರುವಾದ ಇದರಲ್ಲಿ ಬೇರೆಬೇರೆ ಶತಮಾನಗಳ ವೇಷಭೂಷಣ ಬೀದಿಗಿಳಿಯುತ್ತದೆ. ಅದೇ ರಾತ್ರಿ ಕುರಾಮಾದ ಬೆಂಕಿ ಹಬ್ಬ.

ಎಲೆ ಬಣ್ಣ ತಿರುಗುವುದು ರಾತ್ರಿಯ ತಾಪ 8 ಡಿಗ್ರಿಗಿಂತ ಕೆಳಗಿಳಿಯತೊಡಗಿದಾಗ. ಹಸಿರು ವರ್ಣ ಕರಗಿ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ಕೆಂಪು ವರ್ಣ ಕಟ್ಟುತ್ತದೆ. ಹಗಲು ಬಿಸಿಲು, ರಾತ್ರಿ ಚಳಿ, ಸಾಕಷ್ಟು ತೇವ ಮೂರೂ ಇದ್ದ ವರ್ಷ ಬಣ್ಣ ಗಾಢ. ಚಳಿ ಮೇಲಿನಿಂದ ಇಳಿಯುವುದರಿಂದ ಬಣ್ಣವೂ ಬೆಟ್ಟದಿಂದ ಊರಿಗೆ ಇಳಿಯುತ್ತದೆ. ವಾಯವ್ಯದ ತಕಾವೊ ಕಣಿವೆಯ ಜಿಂಗೊಜಿ, ಕೋಜಾಂಜಿ ಸುತ್ತ ನವೆಂಬರ್ ಮೊದಲ ಅರ್ಧದಲ್ಲಿ. ಆಮೇಲೆ ಒಹಾರಾ, ಕಿಬುನೆ. ನವೆಂಬರ್ ಕೊನೆಯ ಹತ್ತು ದಿನಗಳಲ್ಲಿ ಅರಾಶಿಯಾಮಾ, ತೋಫುಕುಜಿ, ಎಯ್‌ಕಾಂದೊ. ಶಿಮೊಗಾಮೊ ದೇವಾಲಯದ ತಾದಾಸು ಕಾಡಿನಲ್ಲಿ ಡಿಸೆಂಬರ್ ಮೊದಲ ಹತ್ತು ದಿನವೂ ಬಣ್ಣ ಇರುತ್ತದೆ. ಶರತ್ಕಾಲ ಬೆಚ್ಚಗಾಗುತ್ತಿರುವುದರಿಂದ ಈಚಿನ ವರ್ಷಗಳಲ್ಲಿ ಇಡೀ ಸರಣಿ ತಡವಾಗುತ್ತಿದೆ. ಚೆರ್ರಿ ಬೇಗ, ಮೇಪಲ್ ತಡ: ಎರಡಕ್ಕೂ ಕಾರಣ ಒಂದೇ.

ನವೆಂಬರ್ 23 ರಾಷ್ಟ್ರೀಯ ರಜೆ; ಅದರ ಹಿಂದುಮುಂದಿನ ವಾರಾಂತ್ಯಗಳಲ್ಲಿ ಹಿಗಾಶಿಯಾಮಾದ ಕಡೆ ಬಸ್ಸಿಗಿಂತ ಕಾಲ್ನಡಿಗೆಯೇ ಬೇಗ. ಕೆಂಪೆಲೆ ನೋಡಲು ಒಂದೇ ಅವಕಾಶವಿರುವವರಿಗೆ ಡಿಸೆಂಬರ್ 1ರಿಂದ 7ರ ವಾರ ಒಳ್ಳೆಯದು. ಕೆಲವು ಮರ ಬೋಳಾಗಿರುತ್ತವೆ, ಆದರೆ ಹಾವಸೆಯ ಮೇಲೆ ಬಿದ್ದ ಎಲೆಗಳ ಹಾಸೇ ಆ ವಾರದ ನೋಟ. ಕೋಣೆಯ ಬಾಡಿಗೆಯೂ ಇಳಿಯತೊಡಗಿರುತ್ತದೆ.

ಚಳಿಗಾಲ

ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಊರು ನೆಲದಿಂದಲೇ ತಣ್ಣಗಾದಂತಿರುತ್ತದೆ. ಸೈಬೀರಿಯಾದ ಗಾಳಿ ಜಪಾನ್ ಸಮುದ್ರ ದಾಟಿ ಬರುವಾಗ ಹಿಮದ ಬಹುಪಾಲನ್ನು ಉತ್ತರದ ಕರಾವಳಿಯಲ್ಲೇ ಸುರಿದುಬಿಡುತ್ತದೆ. ಅಲ್ಲಿಂದ ಬೆಟ್ಟ ಹಾರಿ ಬಂದ ಮೋಡದ ಚೂರುಗಳು ಕ್ಯೋಟೊದಲ್ಲಿ ಐದು ನಿಮಿಷ ಹನಿಸಿ ಬಿಸಿಲಾಗುವ ಕಿತಾಯಾಮಾದ ಹನಿಮಳೆಯಾಗುತ್ತವೆ. ನೆಲದಲ್ಲಿ ಹಿಮ ನಿಲ್ಲುವುದು ಚಳಿಗಾಲದಲ್ಲಿ ಕೆಲವೇ ದಿನ. ಕಿಂಕಾಕುಜಿಯ ಚಿನ್ನದ ಮಂಟಪವನ್ನು ಹಿಮ ಹೊದ್ದಂತೆ ನೋಡಬೇಕೆಂದರೆ ರಾತ್ರಿ ಹಿಮ ಬಿದ್ದ ಮರುಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಮಧ್ಯಾಹ್ನಕ್ಕೆ ಸಾಮಾನ್ಯವಾಗಿ ಕರಗಿರುತ್ತದೆ. ಹಿಮವನ್ನೇ ಅರಸುವವರು ಕುರಾಮಾ, ಒಹಾರಾದತ್ತ ಹೋಗುವುದು ಮೇಲು.

ಬೆಂಗಳೂರು-ಮೈಸೂರಿನ ಸ್ವೆಟರ್ ಇಲ್ಲಿ ಸಾಲದು. ಗಾಳಿ ತಡೆಯುವ ದಪ್ಪ ಕೋಟು, ಒಳಗೆ ಮೈಗಂಟುವ ಬೆಚ್ಚನೆಯ ಉಡುಪು, ಕೈಗವಸು ಬೇಕು. ಎಲ್ಲಕ್ಕಿಂತ ಮುಖ್ಯ ದಪ್ಪ ಉಣ್ಣೆಯ ಕಾಲುಚೀಲ. ದೇವಾಲಯಗಳಲ್ಲಿ ಚಪ್ಪಲಿ-ಬೂಟು ಹೊರಗೆ ಬಿಟ್ಟು ಮರದ ನೆಲದ ಮೇಲೆ ನಡೆಯಬೇಕು, ಜನವರಿಯಲ್ಲಿ ಆ ನೆಲ ಪಾದ ಮರಗಟ್ಟುವಷ್ಟು ತಣ್ಣಗಿರುತ್ತದೆ. ಇಷ್ಟಕ್ಕೆ ಸಿದ್ಧರಾದರೆ ಚಳಿಗಾಲ ಉದಾರವಾದ ಕಾಲ. ರ್‍ಯೋಆಂಜಿಯ ಕಲ್ಲುತೋಟದೆದುರು ಸದ್ದಿಲ್ಲದೆ ಕೂರಲು ಜಾಗ ಸಿಗುವುದು ಈಗಲೇ. ಜನವರಿಯಿಂದ ಮಾರ್ಚ್ ಮಧ್ಯದವರೆಗೆ, ಉಳಿದ ಕಾಲದಲ್ಲಿ ಮುಚ್ಚಿರುವ ಹಲವು ಮಂದಿರ-ತೋಟಗಳನ್ನು ವಿಶೇಷವಾಗಿ ತೆರೆದಿಡುತ್ತಾರೆ. ಊಟದಲ್ಲಿ ಬಿಸಿನೀರಿನ ತೋಫು, ಟರ್ನಿಪ್‌ನ ತೆಳು ಬಿಲ್ಲೆಗಳ ಉಪ್ಪಿನಕಾಯಿ, ಚಳಿಗೆ ಸಿಹಿಯೇರಿದ ಕುಜೊ ಈರುಳ್ಳಿ ದಂಟು. ತೋಫು ಸಸ್ಯಾಹಾರವೇ ಆದರೂ ಜತೆಗೆ ಕೊಡುವ ಸಾರಿನಲ್ಲಿ ಒಣಮೀನಿನ ರಸ ಇರುವುದುಂಟು. ಸಸ್ಯಾಹಾರಿಗಳು ಕೇಳಿ ತಿಳಿದುಕೊಳ್ಳಬೇಕು, ಇಲ್ಲವೇ ದೇವಾಲಯಗಳ ಸಸ್ಯಾಹಾರಿ ಶೋಜಿನ್ ಊಟ ಆರಿಸಬೇಕು. ಡಿಸೆಂಬರ್ 29ರಿಂದ ಜನವರಿ 3ರವರೆಗೆ ಅನೇಕ ಅಂಗಡಿ, ಊಟದ ಮನೆ, ವಸ್ತುಸಂಗ್ರಹಾಲಯಗಳು ಮುಚ್ಚಿರುತ್ತವೆ ಎಂಬುದೂ ನೆನಪಿರಲಿ.

ದಿನ ಗೊತ್ತುಮಾಡುವಾಗ

ಕರ್ನಾಟಕದಿಂದ ಶಾಲೆಗೆ ಹೋಗುವ ಮಕ್ಕಳೊಂದಿಗೆ ಹೊರಡುವವರಿಗೆ ತಿಂಗಳುಗಳೆಲ್ಲ ತೆರೆದಿರುವುದಿಲ್ಲ. ಏಪ್ರಿಲ್-ಮೇ ರಜೆಯಲ್ಲಾದರೆ ಮೇ 8ರ ನಂತರದ ಎರಡು-ಮೂರು ವಾರ ಅತ್ಯುತ್ತಮ. ಏಪ್ರಿಲ್ ಮಧ್ಯದಲ್ಲಿ ಹೋದರೆ ಒಮುರೊ ಚೆರ್ರಿಯ ಆಸೆ ಇಟ್ಟುಕೊಳ್ಳಬಹುದು. ದಸರಾ ರಜೆ ಅಕ್ಟೋಬರ್‌ಗೆ ಬಿದ್ದ ವರ್ಷ ಹವೆ ಹಿತವಾಗಿರುತ್ತದೆ, ಕೆಂಪೆಲೆ ಮಾತ್ರ ಸಿಗದು. ರಜೆಯ ಹಂಗಿಲ್ಲದವರು, ನಿವೃತ್ತರು ಮೇ ಕೊನೆಯ ಎರಡು ವಾರ, ಡಿಸೆಂಬರ್ ಮೊದಲ ವಾರ, ಅಥವಾ ಚಳಿ ತಾಳುವವರಾದರೆ ಫೆಬ್ರವರಿ ಕೊನೆ, ಈ ಮೂರರಲ್ಲಿ ಒಂದನ್ನು ಹಿಡಿಯಬಹುದು.

ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನವಿದೆ. ಟೋಕಿಯೊದಿಂದ ಕ್ಯೋಟೊಗೆ ನೊಜೊಮಿ ಶಿಂಕಾನ್ಸೆನ್ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ. ಜನವರಿ-ಫೆಬ್ರವರಿಯಲ್ಲಿ ದಾರಿಯ ಸೆಕಿಗಾಹಾರಾ ಸುತ್ತ ಹಿಮ ಬಿದ್ದಾಗ ರೈಲಿನ ವೇಗ ತಗ್ಗಿಸುತ್ತಾರೆ. ವಾಪಸು ವಿಮಾನ ಹಿಡಿಯುವ ದಿನವೇ ಕ್ಯೋಟೊದಿಂದ ಹೊರಡುವ ಲೆಕ್ಕ ಹಾಕಬಾರದು. ಕೋಣೆಯ ಬಾಡಿಗೆ ಏಪ್ರಿಲ್ ಆರಂಭದಲ್ಲೂ ನವೆಂಬರ್ ಕೊನೆಯಲ್ಲೂ ಹಲವು ಪಟ್ಟು ಏರುತ್ತದೆ, ಆ ವಾರಗಳಿಗೆ ಆರು ತಿಂಗಳ ಮೊದಲೇ ಕಾಯ್ದಿರಿಸಬೇಕು. ನಗರ 2018ರಿಂದ ವಿಧಿಸುತ್ತಿರುವ ವಾಸ್ತವ್ಯ ತೆರಿಗೆಯ ದರ 2026ರ ಮಾರ್ಚ್‌ನಿಂದ ಏರಿದೆ. ಅದು ಬಾಡಿಗೆಯ ಮೊತ್ತಕ್ಕೆ ತಕ್ಕಂತೆ ಹೆಚ್ಚುತ್ತದೆ; ಅತಿ ದುಬಾರಿ ಕೋಣೆಗಳಲ್ಲಿ ತಲೆಗೆ ರಾತ್ರಿಯೊಂದಕ್ಕೆ 10,000 ಯೆನ್‌ವರೆಗೂ ಹೋಗುತ್ತದೆ.

ಹಗಲಿನ ಉದ್ದವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಜೂನ್‌ನಲ್ಲಿ ಸೂರ್ಯ ಮುಂಜಾನೆ ಐದಕ್ಕೆ ಮೊದಲೇ ಹುಟ್ಟಿ ಸಂಜೆ ಏಳು ದಾಟಿ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಏಳರ ಹೊತ್ತಿಗೆ ಹುಟ್ಟಿ ಐದಕ್ಕೆ ಮೊದಲೇ ಮುಳುಗುತ್ತಾನೆ. ಬಹುತೇಕ ದೇವಾಲಯಗಳು ಸಂಜೆ ನಾಲ್ಕೂವರೆ-ಐದಕ್ಕೆ ಬಾಗಿಲು ಹಾಕುವುದರಿಂದ, ಮೇ ತಿಂಗಳಲ್ಲಿ ಬಾಗಿಲು ಹಾಕಿದ ಮೇಲೂ ಹೊಳೆದಂಡೆಯಲ್ಲಿ, ಹಳೆಯ ಬೀದಿಗಳಲ್ಲಿ ಸುತ್ತಲು ಎರಡು ಗಂಟೆ ಬೆಳಕಿರುತ್ತದೆ. ಚಳಿಗಾಲದಲ್ಲಿ ದಿನಕ್ಕೆ ಮೂರು ಸ್ಥಳಗಳಿಗಿಂತ ಹೆಚ್ಚು ನೋಡುವ ಯೋಜನೆ ಹಾಕಿಕೊಳ್ಳದಿರುವುದು ಒಳ್ಳೆಯದು.